ಎರಡು ಮೇಜಿನ ನಡುವೆ ಅಮ್ಮ

ಆ ಬೆಳಿಗ್ಗೆಯೂ ಅಮ್ಮನ ನೀರನ್ನು ನಾನೇ ಅಳೆದಿಟ್ಟೆ. ಕಿಡ್ನಿ ಕೈಕೊಟ್ಟ ಮೇಲೆ ನಮ್ಮ ಮನೆಯಲ್ಲಿ ನೀರೂ ಔಷಧಿಯ ಹಾಗೆ ಆಗಿತ್ತು. ಹಳೆಯ ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ ನೇಲ್ ಪಾಲಿಷ್‌ನಲ್ಲಿ ಗೆರೆ ಎಳೆದಿದ್ದೆ. ಮಾತ್ರೆ ನುಂಗುವ ಗುಟುಕು, ಕಾಫಿ, ಸಾರಿನ ತಿಳಿ, ಎಲ್ಲವೂ ಆ ಗೆರೆಯ ಲೆಕ್ಕದೊಳಗೇ ಬರಬೇಕು. ಅವರೆಕಾಯಿಯ ಕಾಲ. ಗೌರಿಬಿದನೂರಿನ ನಮ್ಮ ಬೀದಿಯ ಮನೆಮನೆಯಿಂದಲೂ ಹಿತಕಿದಬೇಳೆ ಸಾರಿನ ಘಮ ಬರುತ್ತಿದ್ದರೆ ನಾನು ಬೀನ್ಸ್ ಹೆಚ್ಚಿ ನೆನೆಹಾಕಿ ಆ ನೀರು ಚೆಲ್ಲಿ, ಮತ್ತೆ ಬೇಯಿಸಿ ಆ ನೀರನ್ನೂ ಚೆಲ್ಲಿ, ರುಚಿಯೆಲ್ಲ ಮೋರಿಗೆ ಹೋದ ಮೇಲೆ ಉಳಿದದ್ದನ್ನು ಅಮ್ಮನ ತಟ್ಟೆಗೆ ಹಾಕುತ್ತಿದ್ದೆ.

"ಹಸೂಗೆ ಹಾಕೋ ಕಲಗಚ್ಚಲ್ಲಾದ್ರೂ ಇದಕ್ಕಿಂತ ಉಪ್ಪಿರುತ್ತೆ ಕಣೇ" ಎಂದು ಅಮ್ಮ ತಟ್ಟೆಯನ್ನು ಅತ್ತ ತಳ್ಳಿದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ನನ್ನ ಗಂಡ, ಇವತ್ತಾದರೂ ಬಾಯಿ ಮುಚ್ಚಿಕೊಂಡು ತಿನ್ನಬಾರದೇ ಅಕ್ಕಾ ಎಂದು ಗೊಣಗಿದರು.

ಅಕ್ಕಾ ಎಂದರೆ ಅಕ್ಕನೇ. ನನ್ನ ಗಂಡ ನನ್ನ ಅಮ್ಮನ ಒಡಹುಟ್ಟಿದ ಕೊನೆಯ ತಮ್ಮ. ಅಮ್ಮನನ್ನು ಈ ಊರಿನಿಂದ ಗಡಿಯಾಚೆಗೆ, ಹಿಂದೂಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಅಲ್ಲಿ ಹುಟ್ಟಿದ ಒಬ್ಬಳೇ ಮಗಳನ್ನು ಅಮ್ಮ ತನ್ನ ತವರಿಗೇ ತಂದು ಸೋದರಮಾವನಿಗೆ ಕೊಟ್ಟಳು. ನಮ್ಮ ಕಡೆ ಇದರಲ್ಲಿ ಯಾರೂ ಹುಬ್ಬೇರಿಸುವಂಥದ್ದು ಏನೂ ಇರಲಿಲ್ಲ. ಬೇರೆ ಮನೆಗೆ ಕೊಟ್ಟರೆ ಜನ ಯಾಕೆ ಎಂದು ಕೇಳುತ್ತಿದ್ದ ಕಾಲ. ಕಾನ್ವೆಂಟಿನಲ್ಲಿ ಜೀವಶಾಸ್ತ್ರದ ಸಿಸ್ಟರ್ ರಕ್ತಸಂಬಂಧದ ಮದುವೆಯ ಪಾಠ ಮಾಡಿದ ದಿನ ಅರ್ಧ ಕ್ಲಾಸು ಡೆಸ್ಕಿನ ಮರವನ್ನೇ ನೋಡುತ್ತಾ ಕೂತಿತ್ತು, ಅಷ್ಟೇ. ನಾನು ಇವತ್ತಿಗೂ ಗಂಡನನ್ನು ಮಾವ ಎಂದೇ ಕರೆಯುತ್ತೇನೆ.

ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೆ ಬಂದಳು. ಅವಳು ಬಂದಳು, ಅವಳ ಕಾರ್ಡು ಬರಲಿಲ್ಲ. ಅದು ಆಂಧ್ರದ ಕಾರ್ಡು. ಡಯಾಲಿಸಿಸ್ ಪುಕ್ಕಟೆಯಾಗಿ ಆಗಬೇಕಾದರೆ ಆ ರಾಜ್ಯದಲ್ಲೇ ಆಗಬೇಕು. ಹಾಗಾಗಿ ದಿನ ಬಿಟ್ಟು ದಿನ ನಾನು ಅವಳನ್ನು ರೈಲಿನಲ್ಲಿ ಹಿಂದೂಪುರಕ್ಕೆ ಕರೆದುಕೊಂಡು ಹೋಗಿ, ರಕ್ತ ಶುದ್ಧಿಯಾಗುವ ತನಕ ಕಾರಿಡಾರಿನಲ್ಲಿ ಕೂತಿದ್ದು, ಮತ್ತೆ ರೈಲಿಗೆ ಹತ್ತಿಸಿ ತರುತ್ತಿದ್ದೆ. ಮಿಷನ್ನಿನಿಂದ ಎದ್ದ ಮನುಷ್ಯರು ಹಿಂಡಿ ಒಗೆದ ಬಟ್ಟೆಯ ಹಾಗಿರುತ್ತಾರೆ. ಅಂಥವಳನ್ನು ಮೇಲ್ಸೇತುವೆಯ ಮೆಟ್ಟಿಲು ಹತ್ತಿಸುವಾಗ ಒಂದು ಸಂಜೆ ಬಿ.ಪಿ. ಇಳಿದು ಅವಳು ಅಲ್ಲೇ ಕುಸಿದಳು. ಜನ ಅವಳನ್ನು ದಾಟಿಕೊಂಡು ಹೋದರು. ಒಬ್ಬಳಂತೂ ಅವಳ ಸೆರಗು ತುಳಿಯಬಾರದೆಂದು ಚಪ್ಪಲಿ ಎತ್ತಿ ಎತ್ತಿ ಇಡುತ್ತಾ ನಾಜೂಕಾಗಿ ಹೋದಳು.

ಅವತ್ತು ಮನೆಗೆ ಬಂದು ಅಮ್ಮ ಹೇಳಿದಳು, ಇನ್ನು ಆ ರೈಲು ಹತ್ತುವುದಿಲ್ಲ ಎಂದು. ಹಟಕ್ಕೆ ಆಡಿದ ಮಾತಲ್ಲ. ಹತ್ತದಿದ್ದರೆ ಏನಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಕೈಮುಗಿದು, ಬೈದು, ಮತ್ತೊಂದೆರಡು ಸಲ ಹತ್ತಿಸಿದೆವು. ಆ ಬೆಳಿಗ್ಗೆ ಕಳೆದರೆ ನಾಳೆ ಮತ್ತೆ ಸರದಿ. ನಾಳೆ ಬರುವುದಿಲ್ಲ ಎಂದು ಅವಳು ಹಿಂದಿನ ರಾತ್ರಿಯೇ ಹೇಳಿಯಾಗಿತ್ತು.

ನಮ್ಮ ಊರಿನಲ್ಲೇ ಒಂದು ಡಯಾಲಿಸಿಸ್ ಕೇಂದ್ರವಿದೆ. ಅಲ್ಲಿ ಹಾಸಿಗೆ ಸಿಗುವುದೆಂದರೆ ಯಾರಾದರೂ ಖಾಲಿ ಮಾಡಬೇಕು, ಖಾಲಿ ಮಾಡುವುದು ಹೇಗೆಂದು ಬಿಡಿಸಿ ಹೇಳಬೇಕಿಲ್ಲ. ಆ ವಾರ ಒಂದು ಖಾಲಿಯಾಗಿತ್ತು. ಅದೇ ಹೊತ್ತಿಗೆ ಗಡಿಯ ಎರಡೂ ಕಡೆಯವರು ಸೇರಿ ಹೊಸ ಏರ್ಪಾಡು ಮಾಡಿದ್ದರು: ಆಚೆಯ ರಾಜ್ಯದ ರೋಗಿಯನ್ನು ಈಚೆಯ ಕುಟುಂಬದ ಕಾರ್ಡಿಗೆ ಕಂಪ್ಯೂಟರಿನಲ್ಲಿ ಸೇರಿಸಿದರೆ ಚಿಕಿತ್ಸೆ ಈಚೆಗೇ ಸಿಗುತ್ತದೆ. ಅವತ್ತು ಅದರ ಶಿಬಿರ. ಸಂಜೆ ಕೇಂದ್ರ ಮುಚ್ಚುವುದರೊಳಗೆ ಅಮ್ಮ ಮಾವನ ಕಾರ್ಡಿಗೆ ಸೇರಿದರೆ ಹಾಸಿಗೆ ಅವಳದು, ಇಲ್ಲವಾದರೆ ಪಟ್ಟಿಯಲ್ಲಿ ಮುಂದಿನವರದು ಎಂದು ಕೇಂದ್ರದವರು ಖಡಾಖಂಡಿತವಾಗಿ ಹೇಳಿದ್ದರು.

ಶಿಬಿರ ನಡೆದದ್ದು ಒಂದು ಕಲ್ಯಾಣಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಅಕ್ಷತೆ ಇನ್ನೂ ಕಾಲಿಗೆ ಸಿಗುತ್ತಿತ್ತು. ವೇದಿಕೆಯ ಮೇಲೆ, ವಧೂವರರ ಕುರ್ಚಿ ಹಾಕುವ ಜಾಗದಲ್ಲಿ ಎರಡು ಮೇಜು, ಎರಡು ಲ್ಯಾಪ್‌ಟಾಪು. ಎಡಗಡೆ ನಮ್ಮ ರಾಜ್ಯ, ಬಲಗಡೆ ಅವರ ರಾಜ್ಯ. ಮೇಲೆ, ಗಡಿಯಿಲ್ಲದ ಸೇವೆ ಎಂದೋ ಏನೋ ಬರೆದ ಬ್ಯಾನರು. ನಡುವೆ ಒಂದು ಸ್ಟ್ಯಾಂಡ್ ಫ್ಯಾನು. ಅದನ್ನು ಬಲಗಡೆಯವರು ತಮ್ಮ ಕಡೆಗೆ ತಿರುಗಿಸಿಟ್ಟುಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಎಡಗಡೆಯವನು ಎದ್ದು ತನ್ನ ಕಡೆಗೆ ತಿರುಗಿಸುತ್ತಿದ್ದ.

ಎಡಗಡೆಯವನು ಚಿಕ್ಕಬಳ್ಳಾಪುರದಿಂದ ಬಂದಿದ್ದ ಹುಡುಗ ವಯಸ್ಸಿನ ಅಧಿಕಾರಿ. ಗಡ್ಡವನ್ನು ಗೆರೆ ಎಳೆದ ಹಾಗೆ ಕತ್ತರಿಸಿದ್ದ. ಕೊರಳಿನ ಗುರುತಿನ ಚೀಟಿಯನ್ನು ಹೆಸರು ಕಾಣದಂತೆ ತಿರುಗಿಸಿ ಹಾಕಿಕೊಂಡಿದ್ದ. ಬಲಗಡೆ ಹಿಂದೂಪುರದಿಂದ ಬಂದಿದ್ದ ಹೆಂಗಸು, ಜಡೆಯ ತುಂಬ ಕನಕಾಂಬರ. ಇಬ್ಬರ ನಡುವೆ ಎರಡು ಮಾರು ಅಂತರ. ಆದರೂ ಅವರು ಒಬ್ಬರನ್ನೊಬ್ಬರು ಮಾತಾಡಿಸುತ್ತಿರಲಿಲ್ಲ. ಅವರಿಗೆ ರೆಕಾರ್ಡ್ ಬಿಡೋಕೆ ಹೇಳಿ ಎಂದು ಅವನು ರೋಗಿಗಳಿಗೆ ಹೇಳುವನು. ರೋಗಿಗಳು ಅದನ್ನು ತೆಲುಗಿನಲ್ಲಿ ಅವಳಿಗೆ ಹೇಳಬೇಕು. "ಮೇಮು ಎಪ್ಪುಡೋ ಪಂಪಿಂಚಾಂ" ಎಂದು ಅವಳು ತಲೆ ಎತ್ತದೆ ಹೇಳಿದರೆ, ಅವರು ಆಗಲೇ ಕಳಿಸಿದ್ದಾರಂತೆ ಎಂದು ನಾವು ಇವನಿಗೆ ಕನ್ನಡದಲ್ಲಿ ಹೇಳಬೇಕು. ಅವನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಅವಳಿಗೂ ಕನ್ನಡ ಅರ್ಥವಾಗುತ್ತಿತ್ತು. ಕಾಯಿಲೆಯವರು ನಡುವೆ ನಿಂತು ಅನುವಾದ ಮಾಡುತ್ತಿದ್ದರು.

ಅಮ್ಮನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ್ದೆ. ಅವಳ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು, ಅವಳ ತೋಳಿನಲ್ಲೂ ಅಮ್ಮನ ತೋಳಿನಲ್ಲಿದ್ದಂಥದೇ ಸೂಜಿಯ ಗಂಟುಗಳು. ಬೆಳಿಗ್ಗೆಯಿಂದ ಇಬ್ಬರೂ ಊರು, ಮನೆ, ನೆಂಟಸ್ತಿಕೆ ಎಲ್ಲ ಮಾತಾಡಿಕೊಂಡಿದ್ದರು. ಆ ಹೆಂಗಸು, ತಮ್ಮದು ಈಚೆಯದೇ ಕಾರ್ಡಾದರೂ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಅಲೆಯುತ್ತಿರುವುದನ್ನು ಹೇಳಿ, ಇಲ್ಲಿ ಒಂದು ಹಾಸಿಗೆ ಬಿಟ್ಟಿದೆಯಂತೆ, ಪಟ್ಟಿಯಲ್ಲಿ ಯಾರೋ ಒಬ್ಬರು ನಮಗಿಂತ ಮುಂದಿದ್ದಾರೆ, ಅವರದು ಇವತ್ತು ಇಲ್ಲಿ ಆಗದಿದ್ದರೆ ಅದು ನಮ್ಮದು ಎಂದಳಂತೆ. ಆ ಯಾರೋ ತಾನೇ ಎಂದು ಅಮ್ಮ ಒಪ್ಪಿಕೊಂಡಳಂತೆ. ಆಮೇಲೆ ಆ ಹೆಂಗಸು ತನ್ನ ಚೀಲವನ್ನು ಎರಡು ಕುರ್ಚಿಗಳ ಮಧ್ಯೆ ಇಟ್ಟುಕೊಂಡಿದ್ದಳು. ಅವಳ ಗಂಡ, ಹೆಗಲಿಗೆ ಟವೆಲ್ ಹಾಕಿದ ರೈತ, ಬೇರೆ ಕೆಲಸವೇ ಇಲ್ಲದವನ ಹಾಗೆ ನಮ್ಮ ಬೆನ್ನಿಗೇ ಬಂದು ನಿಂತ. ನಮ್ಮದು ಆಗುತ್ತದೋ ಕೆಡುತ್ತದೋ ನೋಡಲೆಂದೇ ನಿಂತಿದ್ದ. ಆಂಧ್ರದೋರಿಗೆಲ್ಲ ಇಲ್ಲಿ ಹಾಸಿಗೆ ಹಾಸಿ ಕೊಟ್ಟರೆ ಇಲ್ಲಿಯೋರು ಎಲ್ಲಿಗೆ ಹೋಗಬೇಕು ಎಂದು, ಯಾರಿಗೂ ಅಲ್ಲದೆ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ. ಅಮ್ಮ ಹುಟ್ಟಿದ್ದು ಆ ಮಂಟಪದಿಂದ ಕೂಗಳತೆಯ ಮನೆಯಲ್ಲಿ.

ನಮ್ಮ ಸರದಿ ಬಂತು, ಅಮ್ಮನನ್ನು ವೇದಿಕೆಗೆ ಹತ್ತಿಸಿ ಎಡಗಡೆಯ ಮೇಜಿನ ಮುಂದೆ ಕೂರಿಸಿ ಬೆರಳಚ್ಚು ಕೊಡಿಸಿದೆ. ಇವರು ಕುಟುಂಬದ ಯಜಮಾನರಿಗೆ ಏನಾಗಬೇಕು ಎಂದು ಹುಡುಗ ಕೇಳಿದ. ಮಾವ, ಅಕ್ಕ ಎಂದರು. ಅದೇ ಗಳಿಗೆಯಲ್ಲಿ ನಾನು, ನಮ್ಮ ತಾಯಿ ಎಂದೆ.

"ಒಬ್ಬೊಬ್ರೇ ಹೇಳಿ. ಅಕ್ಕನೋ, ಅತ್ತೆನೋ?"

ಎರಡೂ ಎಂದರು ಮಾವ. ಅವನು ಎರಡನ್ನೂ ಒತ್ತಿ ನೋಡಿದ. ಪರದೆಯ ಮೇಲೆ ಕೆಂಪು ಪಟ್ಟಿ ಬಂತು. ಆಚೆಯ ರಾಜ್ಯದ ದಾಖಲೆಯಲ್ಲಿ ನಾನು ಅವಳ ಮಗಳು, ಈಚೆಯ ದಾಖಲೆಯಲ್ಲಿ ಮಾವ ಅವಳ ತಮ್ಮ, ಮತ್ತೆ ನಾನು ಆ ತಮ್ಮನ ಹೆಂಡತಿ. ಎರಡು ರಾಜ್ಯಗಳ ಕಂಪ್ಯೂಟರುಗಳು ಬೇರೆ ಬೇರೆಯಾಗಿದ್ದಷ್ಟು ಕಾಲ ಯಾವುದಕ್ಕೂ ತಕರಾರಿರಲಿಲ್ಲ. ಕೈಕುಲುಕಿದ ದಿನವೇ ಎರಡೂ ಸೇರಿ, ಒಬ್ಬಳು ಮನುಷ್ಯಳು ಒಂದು ಮನೆಗೆ ಎರಡು ಸಂಬಂಧದಿಂದ ಬರುವ ಹಾಗಿಲ್ಲ ಎಂದು ತೀರ್ಮಾನಿಸಿದ್ದವು. ಅದನ್ನು ಬರೆದವರು ಯಾರೋ, ಯಾವ ಊರಿನವರೋ. ಅವರ ಮನೆಯಲ್ಲಿ ಸೋದರಮಾವ ಎಂದರೆ ಹಬ್ಬಕ್ಕೆ ಬಟ್ಟೆ ತರುವವನು ಮಾತ್ರ ಇರಬೇಕು.

ಹುಡುಗ ನಮ್ಮ ಮೂವರನ್ನೂ ನಿಧಾನವಾಗಿ ನೋಡಿದ. ಅಕ್ಕನ ಮಗಳನ್ನೇ ಮದುವೆಯಾಗಿದ್ದೀರಾ ಎಂದು ಮಾವನನ್ನು ಕೇಳಿ, ಇನ್ನೂ ಇದೆಲ್ಲ ನಡೆಯುತ್ತಾ ಇಲ್ಲಿ ಎಂದ. ಅವನ ತುಟಿಯ ಒಂದು ಮೂಲೆ ಮಾತ್ರ ಮೇಲೆ ಹೋಯಿತು. ಅಮ್ಮ ಬೆರಳಿಟ್ಟಿದ್ದ ಬೆರಳಚ್ಚಿನ ಗಾಜನ್ನು ಕಿಸೆಯಿಂದ ಟಿಶ್ಯೂ ತೆಗೆದು ಒರೆಸಿದ. ನಮಗಿಂತ ಮೊದಲು ಬಂದವರು ಬೆರಳಿಟ್ಟಾಗ ಅವನು ಒರೆಸಿರಲಿಲ್ಲ. ನಾನು ಅದನ್ನು ನೋಡಿದೆ. ದನಿ ಏರಿಸದೆ ಮಾತಾಡುವುದನ್ನು ನಮ್ಮ ಸಿಸ್ಟರುಗಳು ನನಗೆ ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ ಆ ಹೊತ್ತಿನಲ್ಲಿ ನಾನು ಅವನ ಬೆರಳನ್ನಷ್ಟೇ ನೋಡಿದೆ. ಉಗುರು ಕಚ್ಚುವ ಚಟವಿತ್ತು ಅವನಿಗೆ, ಹೆಬ್ಬೆರಳಿನ ಪಕ್ಕದಲ್ಲಿ ಚರ್ಮ ಕಿತ್ತು ರಕ್ತ ಒಣಗಿತ್ತು. ಅದನ್ನು ನೋಡಿ ನನಗೆ ಸಂತೋಷವಾಯಿತು.

"ಕಂಪ್ಯೂಟ್ರಿಗೂ ನಾಚ್ಕೆ ಆಗೈತೆ ಬಿಡಿ ಸಾರ್" ಎಂದ ಹಿಂದೆ ನಿಂತಿದ್ದ ಟವೆಲಿನವನು. ಸಾಲಿನಲ್ಲಿ ನಗು ಹರಿಯಿತು.

ಅಮ್ಮ ಕೂತಲ್ಲಿಂದಲೇ ತಿರುಗಿದಳು. "ನೀನ್ ಕಟ್ಕೊಂಡಿರೋದು ಯಾರನ್ನಪ್ಪಾ? ಸೋದರತ್ತೆ ಮಗಳನ್ನಲ್ವಾ? ನಿನ್ ಹೆಂಡ್ತೀನೇ ಹೇಳಿದ್ಲು."

"ನಮ್ದನ್ನ ಕಂಪ್ಯೂಟ್ರು ಒಪ್ಕೊಂಡೈತಮ್ಮ" ಎಂದ ಅವನು. ಮತ್ತೆ ನಗು. ಅವನ ಹೆಂಡತಿ ಮಾತ್ರ ನಗಲಿಲ್ಲ. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು.

ಹುಡುಗ ಮೇಲಿನವರಿಗೆ ಫೋನು ಮಾಡಿ ಬಹಳ ಹೊತ್ತು ಹೂಂ ಹೂಂ ಎಂದ. ಆಮೇಲೆ ದಾರಿ ಹೇಳಿದ. ಎರಡು ಕೊಂಡಿಗಳಲ್ಲಿ ಒಂದನ್ನು ಕಿತ್ತರೆ ಇವತ್ತೇ ಆಗುತ್ತದೆ. ಅಕ್ಕ ತಮ್ಮನ ಕೊಂಡಿ ಜಮೀನಿನ ವಂಶವೃಕ್ಷದಿಂದ ಬಂದದ್ದು, ಅದನ್ನು ಮುಟ್ಟಬೇಕಾದರೆ ದೊಡ್ಡ ಸಾಹೇಬರ ಆದೇಶ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ತಾಯಿ ಮಗಳದು ಬರೀ ಆಸ್ಪತ್ರೆ ಕಾರ್ಡಿನ ಕೊಂಡಿ. ಇಬ್ಬರೂ ಒಪ್ಪಿ ಕ್ಯಾಮೆರಾಗೆ ಮುಖ ತೋರಿಸಿದರೆ ಈಗಲೇ ಹೋಗುತ್ತದೆ. ಬೇಡವಾದ ಫೋನ್ ನಂಬರು ಅಳಿಸುವ ವಿಷಯವನ್ನು ಹೇಳುವವರ ದನಿ ಅದು.

ನಾನು ಮಾವನ ಮುಖ ನೋಡಿದೆ. ಅವರು ಬ್ಯಾನರು ನೋಡುತ್ತಿದ್ದರು. ಕಂಪ್ಯೂಟರಿನಲ್ಲಿ ತಾನೇ, ಮನೆಯಲ್ಲಿ ಏನು ಬದಲಾಗುತ್ತದೆ ಎಂದರು.

"ಹಂಗಾದ್ರೆ ನಿಮ್ಮದನ್ನೇ ತೆಗೆಸಿ ಮಾವ" ಎಂದೆ ನಾನು. "ತಿಂಗಳಾದ್ರೂ ಆಗ್ಲಿ, ಅಲ್ಲೀವರೆಗೂ ಕಾರು ಮಾಡ್ಕೊಂಡು ಹೋಗಣ."

ಅವರಿಗೆ ಸಿಟ್ಟು ಬಂತು. ಜಮೀನಿನ ದಾಖಲೆ ಆಟದ ಸಾಮಾನಲ್ಲ, ಒಮ್ಮೆ ಕೆದಕಿದರೆ ಎಲ್ಲೆಲ್ಲಿಗೋ ಹೋಗುತ್ತದೆ, ನಿನಗೆ ಇಂಗ್ಲಿಷ್ ಬಂದರೆ ಎಲ್ಲ ಬಂದ ಹಾಗಾಯಿತೇ ಎಂದು ಅಷ್ಟು ಜನರ ಮುಂದೆ ರೇಗಿದರು. ಆ ದಾಖಲೆಯಲ್ಲಿ ಅಕ್ಕ ಎಂದು ಅಮ್ಮನ ಹೆಸರು ಬಂದದ್ದೇ, ತವರಿನ ಆಸ್ತಿಯಲ್ಲಿ ತನ್ನ ಪಾಲು ಬೇಡವೆಂದು ಅವಳು ತಮ್ಮನಿಗೆ ಬರೆದುಕೊಟ್ಟಾಗ. ಬಿಟ್ಟುಕೊಟ್ಟವಳ ಗುರುತು ಗಟ್ಟಿಯಾಗಿತ್ತು, ಹೆತ್ತವಳ ಗುರುತು ಸಡಿಲವಾಗಿತ್ತು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮಾವನಿಗೆ ಕೇಳಿಸಿತೆಂದು ಅವರ ಕಿವಿ ಕೆಂಪಾದ್ದರಿಂದ ತಿಳಿಯಿತು.

ಅಮ್ಮ ಎದ್ದು ನಿಂತಳು. "ನಡಿಯೇ ಮನೆಗೆ ಹೋಗಣ. ಇದ್ದೊಬ್ಬ ಮಗಳನ್ನ ಇಲ್ಲ ಅಂತ ಬರೆಸಿ ಬದುಕ್ಬೇಕಾಗಿಲ್ಲ ನಾನು."

ಟವೆಲಿನವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಅವನ ಹೆಂಡತಿ ಕೆಳಗೆ ಕುರ್ಚಿಗಳ ಮಧ್ಯೆ ಇಟ್ಟಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಆ ಚೀಲದ ಹಿಡಿ ಅವಳ ಹೆಗಲಿಗೆ ಏರಿದ್ದನ್ನು ನೋಡಿದ ಕೂಡಲೇ ನನ್ನೊಳಗೆ ಏನೋ ಗಟ್ಟಿಯಾಯಿತು. ಅವಳ ಮೇಲೆ ನನಗೆ ಹಗೆಯಾಯಿತು. ಅವಳೂ ನಾಳೆ ಅಂಥದೇ ಮಿಷನ್ನಿಗೆ ಅಂಥದೇ ತೋಳನ್ನು ಕೊಡಬೇಕಾದವಳು ಎಂದು ಗೊತ್ತಿದ್ದೂ ಆಯಿತು.

ನಾನು ಹುಡುಗನಿಗೆ, ಅಳಿಸಿ ಎಂದೆ.

ಅಮ್ಮ ನನ್ನನ್ನು ನೋಡಿದ ನೋಟ ಬೇರೆಯವರನ್ನು ನೋಡುವ ನೋಟ. "ಅಷ್ಟು ಬೇಗ ಒಪ್ಕೊಂಡ್ಬಿಟ್ಯಾ" ಎಂದು ಮಾತ್ರ ಅಂದಳು.

ಮೊದಲು ನನ್ನ ಮುಖ. ಹುಡುಗ ಫೋನನ್ನು ನನ್ನ ಮುಖದ ಮುಂದೆ ಹಿಡಿದು ಕಣ್ಣು ಮಿಟುಕಿಸಿ ಎಂದ. ಮಿಟುಕಿಸಿದೆ. ಹಸಿರು ಗುರುತು ಬಂತು. ಅಷ್ಟು ಸಲೀಸು. ಆಮೇಲೆ ಅಮ್ಮ. ಅವಳನ್ನು ಎರಡು ಮೇಜಿನ ನಡುವೆ, ಬೆಳಕಿರುವ ಕಡೆ ಕುರ್ಚಿ ಎಳೆದು ಕೂರಿಸಿದರು. ಬಲಗಡೆಯ ಹೆಂಗಸು ಮೊದಲ ಸಲ ಎದ್ದು ಬಂದು ತನ್ನ ಫೋನನ್ನೂ ಹಿಡಿದಳು, ಏಕೆಂದರೆ ಮಗಳನ್ನು ಕೀಳಬೇಕಾದ್ದು ಅವರ ರಾಜ್ಯದಿಂದ. ಎರಡೂ ರಾಜ್ಯಗಳು ಅಮ್ಮನ ಮುಖದ ಮುಂದೆ ಕೊನೆಗೂ ಒಟ್ಟಿಗೆ ನಿಂತವು.

ಕಣ್ಣು ಮಿಟುಕಿಸಿ ಎಂದ ಇವನು. ಕಳ್ಳು ಆರ್ಪಂಡಿ ಎಂದಳು ಅವಳು.

ಅಮ್ಮ ಮಿಟುಕಿಸಲಿಲ್ಲ. ಕಣ್ಣುಗಳನ್ನು ಅಗಲವಾಗಿ ತೆರೆದು ಫೋನನ್ನೇ ದುರುಗುಟ್ಟಿ ನೋಡುತ್ತಾ ಕೂತಳು. ಸಮಯ ಮೀರಿತು ಎಂದು ಫೋನು ಹೇಳಿತು, ಮತ್ತೆ ಹಿಡಿದರು. ಮತ್ತೆ ಅದೇ. ಕೇಳಿಸೋದಿಲ್ವಾ ಇವರಿಗೆ ಎಂದು ಹುಡುಗ ನನ್ನನ್ನು ಕೇಳಿದ. ಮಾವ, ಅಕ್ಕಾ ರೆಪ್ಪೆ ಹೊಡಿಯೇ, ರೆಪ್ಪೆ ಹೊಡಿಯೇ ಎಂದು ಅಂಗಲಾಚಿದರು. ಅವಳ ಕಣ್ಣಿನ ಬಿಳಿಯಲ್ಲಿ ನರಗಳು ಕೆಂಪಗೆ ಎದ್ದವು, ಅಂಚಿನಲ್ಲಿ ನೀರು ಕಟ್ಟಿತು. ದಿನಕ್ಕೆ ಅಷ್ಟೇ ನೀರು ಕುಡಿಯುವವಳಿಗೆ ಕಣ್ಣಲ್ಲಿ ಅದು ಎಲ್ಲಿಂದ ಬರುತ್ತದೆ ಎನ್ನಿಸಿತು. ಆದರೂ ರೆಪ್ಪೆ ಅಲ್ಲಾಡಲಿಲ್ಲ. ಸಾಲು ನಗುವುದನ್ನು ನಿಲ್ಲಿಸಿತ್ತು.

ಸಾಲಿನಲ್ಲಿದ್ದ ಯಾರೋ ಜನಜಂಗುಳಿಯ ಸೆಕೆ ತಾಳಲಾರದೆ ಫ್ಯಾನಿನ ಗುಂಡಿ ಒತ್ತಿದರು. ಅಲ್ಲಿಯವರೆಗೆ ಒಂದೇ ಕಡೆ ನಿಂತಿದ್ದ ಫ್ಯಾನು ಕತ್ತು ತಿರುಗಿಸಲು ಶುರುಮಾಡಿ, ಬಲದಿಂದ ಎಡಕ್ಕೆ ಬರುವಾಗ ಅದರ ಗಾಳಿ ಅಮ್ಮನ ಮುಖಕ್ಕೆ ರಪ್ಪನೆ ಹೊಡೆಯಿತು. ರೆಪ್ಪೆ ತಾನಾಗಿ ಮುಚ್ಚಿ ತೆರೆಯಿತು. ಎರಡು ಫೋನುಗಳೂ ಒಟ್ಟಿಗೆ ಕಿಣಿ ಎಂದವು.

ಆಯ್ತು ಎಂದ ಹುಡುಗ. ಅಯಿಪೋಯಿಂದಿ ಎಂದಳು ಅವಳು.

ಟವೆಲಿನವನ ಹೆಂಡತಿ ಎದ್ದು ವೇದಿಕೆಗೆ ಬಂದಳು. ಅಮ್ಮನ ಮುಂದೆ ಒಂದು ಕ್ಷಣ ನಿಂತು, ಅವಳ ತೋಳಿನ ಗಂಟುಗಳ ಮೇಲೆ ಕಣ್ಣಿಟ್ಟು, "ನಿಮ್ಗ್ ಸಿಕ್ತಲ್ಲಮ್ಮ, ಕಾಲು ಚಾಚಿ ಮಲೀಕೊಳ್ಳಿ" ಎಂದಳು. ಗಂಡನಿಗೆ, ಬಸ್ಸಿನ ಹೊತ್ತಾಯಿತು ಎಂದು ಹೇಳಿ ಅವನಿಗಿಂತ ಮುಂದೆ ಮೆಟ್ಟಿಲಿಳಿದು ಹೋದಳು.

ಅಲ್ಲಿಂದ ಸೀದಾ ಡಯಾಲಿಸಿಸ್ ಕೇಂದ್ರಕ್ಕೆ. ನಾಳೆ ಬೆಳಿಗ್ಗೆಯ ಸರದಿಗೆ ಇವತ್ತೇ ಹೆಸರು ಬರೆಸಬೇಕಿತ್ತು. ನರ್ಸು ಅಮ್ಮನ ಕೈಗೆ ಹೆಸರಿನ ಪಟ್ಟಿ ಕಟ್ಟಿ, ಒಪ್ಪಿಗೆಗೆ ರಕ್ತಸಂಬಂಧಿಗಳು ಬನ್ನಿ ಎಂದಳು. ಎಷ್ಟೋ ಸಲ ಹಿಂದೂಪುರದಲ್ಲಿ ಮಾಡಿದ ಹಾಗೆ ನಾನೇ ಹೋಗಿ ಪೆನ್ನು ಹಿಡಿದೆ. ನೀವು ಯಾರು ಎಂದಳು. ಮಗಳು ಎಂದೆ. ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು, ಇಲ್ಲಿ ಮಗಳಿಲ್ಲ, ತಮ್ಮ ಇದ್ದಾರೆ ನೋಡಿ ಎಂದಳು. ಅವಳು ಕೆಟ್ಟವಳೇನಲ್ಲ. ತಮ್ಮನ ಹೆಂಡತಿಯಾದರೆ ಹೊರಗಿನ ಬೆಂಚಿನಲ್ಲಿ ಕೂರಬಹುದು, ಒಳಗೆ ಜೊತೆಗಿರಲು ಒಬ್ಬರಿಗೇ ಅವಕಾಶ, ಅದು ರಕ್ತಸಂಬಂಧಿಗೇ ಎಂದು ವಿವರಿಸಿದಳು. ಮಾವ ಕನ್ನಡಕ ಹುಡುಕಿಕೊಂಡು, ಎಲ್ಲಿ ಎಲ್ಲಿ ಎಂದು ಕೇಳುತ್ತಾ ಸಹಿ ಮಾಡಿದರು. ಅಮ್ಮನಿಗೆ ಯಾವ ಔಷಧಿ ಆಗುವುದಿಲ್ಲ ಎಂದು ಕೇಳಿದಾಗ ಅವರಿಗೆ ಗೊತ್ತಿರಲಿಲ್ಲ. ಬಾಗಿಲಿನಿಂದ ನಾನು ಹೇಳಿದೆ. ನರ್ಸು ಅದನ್ನು ಬರೆದುಕೊಳ್ಳಲು ಮಾವ ಇನ್ನೊಮ್ಮೆ ಹೇಳುವವರೆಗೆ ಕಾದಳು.

ಮನೆಗೆ ಬಂದ ಮೇಲೆ ಅಮ್ಮ ಬಾಯಾರಿಕೆಯಾದಾಗ ಅಡುಗೆಮನೆಯಲ್ಲೇ ನಿಂತಿದ್ದ ನನ್ನನ್ನು ದಾಟಿ ನಡುಮನೆಯಲ್ಲಿ ಟಿ.ವಿ. ನೋಡುತ್ತಿದ್ದ ತಮ್ಮನನ್ನು ಕೂಗಿ ನೀರು ಕೇಳಿದಳು. ಅವರು ಗೆರೆ ನೋಡದೆ ಲೋಟದ ತುಂಬ ತಂದುಕೊಟ್ಟರು. ಅವಳು ಕಣ್ಣು ಮುಚ್ಚಿಕೊಂಡು ಕುಡಿದಳು. ನಾನು ಬೇಡ ಎನ್ನಲಿಲ್ಲ. ನಾಳೆ ಅವಳು ಮಿಷನ್ನಿಗೆ ಹೋಗುತ್ತಾಳೆ. ರೈಲಿಲ್ಲ, ಮೇಲ್ಸೇತುವೆಯಿಲ್ಲ. ನಾನು ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ.

ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಕಾಂಪೌಂಡಿನಾಚೆಯ ಮನೆಗೆ ಚಿಂತಾಮಣಿಯಿಂದ ಹೊಸದಾಗಿ ಬಾಡಿಗೆಗೆ ಬಂದಿರುವಾಕೆ ಅವರೆಕಾಯಿಯ ಸಿಪ್ಪೆ ಸುರಿಯಲು ಬಂದಿದ್ದರು. ಆಸ್ಪತ್ರೆಯ ಸುದ್ದಿ ಮಾವನ ಬಾಯಿಂದಲೇ ಬೀದಿಗೆ ಮುಟ್ಟಿತ್ತು. ಸಿಪ್ಪೆಯನ್ನು ಕೊಡವಿ ಮೊರವನ್ನು ಗೋಡೆಗೆ ಒಮ್ಮೆ ತಟ್ಟಿ, ಅವರು ಒಳಗೆ ತಿರುಗುತ್ತಲೇ ಹೇಳಿದರು:

"ನಿಮ್ಮೆಜಮಾನ್ರ ಅಕ್ಕಂಗೆ ಇಲ್ಲೇ ಬೆಡ್ ಆಯ್ತಂತೆ, ಒಳ್ಳೇದಾಯ್ತು ಬಿಡಮ್ಮ. ಗಂಡನ ಕಡೆಯೋರಂದ್ರೆ ಮಾಡ್ಲೇಬೇಕಲ್ಲ. ನಿಮ್ ತಾಯಿ ಕಡೆಯೋರು ಒಬ್ರೂ ಬಂದು ಹೋಗೋದು ಕಾಣೆ, ಯಾರೂ ಇಲ್ವಾ?"